ಗಾಳಿಯ ಮೇಲೆ ಗೂಬೆ ಕೂರಿಸಬೇಡಿ: ಕುಂದಗೋಳದ ತಂತಿಗಳು ಕೇಳುವ ಐದು ಸೆಂಟಿಮೀಟರ್ ಲೆಕ್ಕ

ಪ್ರತಿ ಬೇಸಿಗೆಯ ಕೊನೆಗೆ ಅದೇ ಕತೆ. ಗಾಳಿ ಬೀಸಿತು, ತಂತಿಗೆ ತಂತಿ ತಾಕಿತು, ಕಿಡಿ ಬಿತ್ತು, ಬಣವೆ ಸುಟ್ಟಿತು. ವರದಿಯಲ್ಲಿ ಕಾರಣ 'ಗಾಳಿ-ಮಳೆ' ಎಂದಾಗುತ್ತದೆ. ಆದರೆ ಒಂದೇ ಗಾಳಿಗೆ ಒಂದು ಲೈನು ತಡೆದು ಪಕ್ಕದ ಲೈನು ಬಡಿದುಕೊಳ್ಳುವುದು ಯಾಕೆ?

ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಒಂದು ಮಾತು ದಿನಾ ಕಿವಿಗೆ ಬೀಳುತ್ತದೆ: "ಗಾಳಿ ಬಿಟ್ಟೇತಿ, ಕರೆಂಟ್ ತಗದಾರ." ಗಾಳಿ ಎದ್ದಿದೆ, ಅದಕ್ಕೇ ಕರೆಂಟ್ ತೆಗೆದಿದ್ದಾರೆ. ಊರಿನವರಿಗೆ ಇದು ಹವಾಮಾನ ವರದಿ ಇದ್ದಂಗೆ. ಯಾರೂ ಪ್ರಶ್ನೆ ಮಾಡುವುದಿಲ್ಲ.

ಸ್ವಲ್ಪ ನಿಂತು ಯೋಚಿಸಿ. ಗಾಳಿ ಎದ್ದ ಕೂಡಲೇ ಸಬ್‌ಸ್ಟೇಷನ್ನಿನಲ್ಲಿ ಕುಳಿತವರು ಫೀಡರ್ ಬಂದ್ ಮಾಡುತ್ತಾರೆ ಎಂದರೆ ಅದರ ಅರ್ಥ ಏನು? ಈ ಲೈನು ಗಾಳಿಯನ್ನು ತಡೆಯುವುದಿಲ್ಲ ಅಂತ ಅವರಿಗೆ ಗೊತ್ತಿದೆ. ತಂತಿಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ ಅಂತಲೂ ಗೊತ್ತಿದೆ. ಬಡಿದುಕೊಳ್ಳದಂತೆ ಮಾಡುವ ಬದಲು, ಬಡಿದುಕೊಂಡಾಗ ಒಳಗೆ ಕರೆಂಟ್ ಇರದಂತೆ ನೋಡಿಕೊಳ್ಳುವುದೇ ನಮ್ಮ ಸುರಕ್ಷತಾ ವ್ಯವಸ್ಥೆಯಾಗಿ ಕೂತಿದೆ. ಆ ಕ್ಷಣಕ್ಕೆ ಅದು ಜಾಣತನವೇ. ಆಪರೇಟರ್ ಅಷ್ಟು ಮಾಡದೇ ಇದ್ದರೆ ಇನ್ನೂ ಹೆಚ್ಚು ಬಣವೆ ಸುಡುತ್ತಿದ್ದವು. ಆದರೆ ವರ್ಷಕ್ಕೆ ವರ್ಷ ಅದನ್ನೇ ನಂಬಿ ಕೂತರೆ ಅದನ್ನು ನಿರ್ವಹಣೆ ಅನ್ನಲಾಗದು.

ಪಂಚಮಿ ಜೋಕಾಲಿಯ ಪಾಠ

ತಂತಿಗಳು ಗಾಳಿಗೆ ತೂಗುತ್ತವೆ, ಅದಕ್ಕೇ ತಾಕುತ್ತವೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಇದು ಅರ್ಧ ಸತ್ಯ ಮಾತ್ರ. ಉತ್ತರ ಕರ್ನಾಟಕದವರಿಗೆ ಉಳಿದರ್ಧವನ್ನು ನಾಗರ ಪಂಚಮಿಯ ಜೋಕಾಲಿಯಿಂದಲೇ ಹೇಳಬಹುದು.

ಒಂದೇ ಕೊಂಬೆಗೆ ಒಂದೇ ಉದ್ದದ ಹಗ್ಗದಲ್ಲಿ ಎರಡು ಜೋಕಾಲಿ ಕಟ್ಟಿ, ಇಬ್ಬರನ್ನು ಕೂರಿಸಿ ಒಟ್ಟಿಗೆ ತೂಗಿಬಿಡಿ. ಇಬ್ಬರೂ ಒಟ್ಟಿಗೇ ಹೋಗುತ್ತಾರೆ, ಒಟ್ಟಿಗೇ ಬರುತ್ತಾರೆ. ಈಗ ಒಂದರ ಹಗ್ಗ ಉದ್ದ ಮಾಡಿ. ಉದ್ದ ಹಗ್ಗದ್ದು ನಿಧಾನ, ಗಿಡ್ಡ ಹಗ್ಗದ್ದು ಬೇಗ. ನಾಲ್ಕು ತೂಗು ಆಗುವಷ್ಟರಲ್ಲಿ ಒಬ್ಬಳು ಆ ಕಡೆ ಹೋಗುವಾಗ ಇನ್ನೊಬ್ಬಳು ಈ ಕಡೆ ಬರುತ್ತಿರುತ್ತಾಳೆ. ಪಕ್ಕಪಕ್ಕದಲ್ಲಿದ್ದರೆ ಬಡಿದುಕೊಳ್ಳದೇ ಬೇರೆ ದಾರಿ ಇಲ್ಲ.

ಎರಡು ಕಂಬದ ನಡುವಿನ ತಂತಿಯೂ ಜೋಕಾಲಿಯೇ. ಅದು ಕೆಳಗೆ ಜೋತುಬೀಳುವ ಪ್ರಮಾಣವನ್ನು ಎಂಜಿನಿಯರುಗಳು ಸ್ಯಾಗ್ ಅಂತಾರೆ, ನಾವು ಜೋಲು ಅನ್ನೋಣ. ಎಲ್ಲ ತಂತಿಗಳ ಜೋಲು ಒಂದೇ ಇದ್ದರೆ ಗಾಳಿಗೆ ಎಲ್ಲವೂ ಹೆಚ್ಚುಕಮ್ಮಿ ಒಟ್ಟಿಗೇ ವಾಲುತ್ತವೆ, ನಡುವಿನ ಅಂತರ ಉಳಿಯುತ್ತದೆ. ಒಂದರ ಜೋಲು ಬೇರೆಯಾದಾಗ ತಾಳ ತಪ್ಪುತ್ತದೆ. 60 ಸೆಂಟಿಮೀಟರ್ ಜೋತ ತಂತಿ ಒಂದು ಪೂರ್ಣ ತೂಗಿಗೆ ಸುಮಾರು 1.4 ಸೆಕೆಂಡ್ ತೆಗೆದುಕೊಂಡರೆ, 1.1 ಮೀಟರ್ ಜೋತದ್ದು ಸುಮಾರು 1.9 ಸೆಕೆಂಡ್ ತೆಗೆದುಕೊಳ್ಳುತ್ತದೆ. ಒಟ್ಟಿಗೆ ಹೊರಟ ಇವೆರಡೂ ಮೂರು ಸೆಕೆಂಡಿನೊಳಗೆ ಎದುರುಬದುರಾಗುತ್ತವೆ. ನಮ್ಮ ಹಳ್ಳಿಯ ಎಲ್‌ಟಿ ಲೈನುಗಳಲ್ಲಿ ತಂತಿಗಳ ನಡುವೆ ಇರುವುದು ಒಂದಡಿ ಆಸುಪಾಸಿನ ಜಾಗ. ಮುಂದೇನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಮೊದಲ ಪ್ರಶ್ನೆ ಗಾಳಿ ಎಷ್ಟು ಜೋರಿತ್ತು ಅನ್ನುವುದಲ್ಲ. ಆ ಎರಡು ಕಂಬಗಳ ನಡುವೆ ಜೋಲು ಎಷ್ಟಿತ್ತು, ಎಲ್ಲ ತಂತಿಗೂ ಸಮ ಇತ್ತೇ ಎಂದು ಕೇಳಬೇಕು.

ಎರೆಮಣ್ಣು, ಬಿಸಿಲು, ಗಂಟು

ಈಗ ಕುಂದಗೋಳದ ನೆಲಕ್ಕೆ ಬರೋಣ. ಇದು ಹತ್ತಿ, ಮೆಣಸಿನಕಾಯಿ, ಕಡಲೆ, ಹೆಸರು ಬೆಳೆಯುವ ಎರೆಭೂಮಿ. ಮಳೆ ಬಂದರೆ ಉಬ್ಬುವ, ಬಿಸಿಲಿಗೆ ಕುಗ್ಗಿ ಕಾಲು ಸಿಕ್ಕುವಷ್ಟು ಬಿರಿಯುವ ಮಣ್ಣು. ಈ ಮಣ್ಣಿನಲ್ಲಿ ಮನೆ ಕಟ್ಟುವವರು ಅಡಿಪಾಯಕ್ಕೆ ಎಷ್ಟು ಒದ್ದಾಡುತ್ತಾರೆ ಅನ್ನುವುದು ಊರವರಿಗೆ ಗೊತ್ತು. ಅದೇ ಮಣ್ಣಿನಲ್ಲಿ ಗುಂಡಿ ತೋಡಿ, ಕಂಬ ಇಳಿಸಿ, ಅದೇ ಮಣ್ಣು ಮುಚ್ಚಿ ಹೋದರೆ ಆ ಕಂಬ ಎಷ್ಟು ವರ್ಷ ನೆಟ್ಟಗೆ ನಿಂತೀತು? ಹೊಲದ ನಡುವೆ ಒಂದೊಂದು ಒಂದೊಂದು ಕಡೆ ವಾಲಿದ ಕಂಬಗಳ ಸಾಲನ್ನು ಸಂಶಿ, ಗುಡಗೇರಿ, ಯರಗುಪ್ಪಿ ರಸ್ತೆಯಲ್ಲಿ ಓಡಾಡುವ ಯಾರೂ ಗುರುತಿಸಬಲ್ಲರು.

ಕಂಬ ವಾಲಿದರೆ ಏನಾಯ್ತು, ಬಿದ್ದಿಲ್ವಲ್ಲ ಅಂತೀರಾ? ಇಲ್ಲಿದೆ ನೋಡಿ ಐದು ಸೆಂಟಿಮೀಟರ್ ಲೆಕ್ಕ. 60 ಮೀಟರ್ ದೂರದ ಎರಡು ಕಂಬ, ನಡುವೆ 60 ಸೆಂಟಿಮೀಟರ್ ಜೋಲು ಇರುವ ತಂತಿ. ಕಂಬದಿಂದ ಕಂಬಕ್ಕೆ ಎಳೆದ ನೇರ ಗೆರೆಗಿಂತ ಈ ತಂತಿ ಎಷ್ಟು ಉದ್ದ ಇರುತ್ತದೆ? ಬರೀ 1.6 ಸೆಂಟಿಮೀಟರ್. ಈಗ ಒಂದು ಕಂಬದ ತುದಿ ಇನ್ನೊಂದರ ಕಡೆಗೆ 5 ಸೆಂಟಿಮೀಟರ್ ವಾಲಿತು ಅನ್ನಿ. 8 ಮೀಟರ್ ಕಂಬಕ್ಕೆ ಇದು ಅರ್ಧ ಡಿಗ್ರಿಯೂ ಅಲ್ಲ, ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಜೋಲು 60 ಸೆಂಟಿಮೀಟರಿನಿಂದ 1.1 ಮೀಟರ್ ಆಸುಪಾಸಿಗೆ ಇಳಿಯುತ್ತದೆ. ಬಿಗಿ ಸಡಿಲಾದಾಗ ಲೋಹ ಸ್ವಲ್ಪ ಕುಗ್ಗುತ್ತದೆ ಅನ್ನುವುದನ್ನೂ ಸೇರಿಸಿದ ಲೆಕ್ಕ ಇದು. ನೀವು ಕಾಣದ ಐದು ಸೆಂಟಿಮೀಟರ್ ತಂತಿಯನ್ನು ಅರ್ಧ ಮೀಟರ್ ಕೆಳಗಿಳಿಸಿತು.

ಇದರ ಮೇಲೆ ಬಿಸಿಲು. ಮುಂಜಾನೆಯ 20 ಡಿಗ್ರಿಯಿಂದ ಮಧ್ಯಾಹ್ನ ತಂತಿಯ ಮೈ 40 ಡಿಗ್ರಿಗೆ ಏರಿದರೆ ಅದೇ 60 ಮೀಟರ್ ತಂತಿ ಎರಡು ಸೆಂಟಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಮೂರನೆಯದು ಗಂಟು. ಒಮ್ಮೆ ಹರಿದ ತಂತಿಯನ್ನು ಮಳೆಯಲ್ಲಿ, ಕತ್ತಲಲ್ಲಿ, ಊರಿಗೆ ಬೇಗ ಕರೆಂಟ್ ಕೊಡುವ ಒತ್ತಡದಲ್ಲಿ ತುಂಡು ಸೇರಿಸಿ ಎಳೆದು ಕಟ್ಟುತ್ತಾರೆ. ಆ ಒಂದು ತಂತಿಯ ಉದ್ದ ಪಕ್ಕದ್ದಕ್ಕಿಂತ ಎರಡು ಸೆಂಟಿಮೀಟರ್ ಹೆಚ್ಚಾದರೂ ಸಾಕು, ಜೋಕಾಲಿಯ ಹಗ್ಗ ಬೇರೆಯಾಯಿತು. ಈ ಸಲದ ಅವಸರದ ರಿಪೇರಿ ಮುಂದಿನ ಸಲದ ಬಡಿತಕ್ಕೆ ಮುಹೂರ್ತ ಇಟ್ಟಂತೆ.

ಮೂರೂ ಕೂಡುವುದು ಯಾವಾಗ? ನೆಲ ಬಿರಿದಿರುವ, ತಂತಿ ಕಾದಿರುವ, ಮುಂಗಾರಿಗೆ ಮುಂಚಿನ ಮೊದಲ ಗಾಳಿ ಏಳುವ ಆ ಏಪ್ರಿಲ್-ಮೇ ಮಧ್ಯಾಹ್ನಗಳಲ್ಲಿ. ಕಣದಲ್ಲಿ, ಹಿತ್ತಲಲ್ಲಿ ಒಣಮೇವಿನ ಬಣವೆಗಳು ತುಂಬಿರುವುದೂ ಆಗಲೇ.

ಗಾಳಿ ಈ ಸೀಮೆಗೆ ಹೊಸ ಅತಿಥಿಯೂ ಅಲ್ಲ. ಪಕ್ಕದ ಗದಗ ಜಿಲ್ಲೆಯ ಕಪ್ಪತಗುಡ್ಡದ ಸುತ್ತ ಸಾಲುಸಾಲು ಗಾಳಿಯಂತ್ರಗಳು ತಿರುಗುತ್ತಿವೆ. ಇಲ್ಲಿ ಗಾಳಿ ಎಷ್ಟು ಬೀಸುತ್ತದೆ ಎಂದು ಲೆಕ್ಕ ಹಾಕಿಯೇ ಕಂಪನಿಗಳು ಬಂಡವಾಳ ಹಾಕಿವೆ. ವಿದ್ಯುತ್ ಹುಟ್ಟಿಸುವಾಗ ಲೆಕ್ಕಕ್ಕೆ ಸಿಗುವ ಗಾಳಿ, ವಿದ್ಯುತ್ ಸಾಗಿಸುವಾಗ ಮಾತ್ರ 'ಅನಿರೀಕ್ಷಿತ ಪ್ರಕೃತಿ ವಿಕೋಪ' ಆಗುವುದು ಹೇಗೆ?

ತಾಕಿದ ಮೇಲೆ

ಎರಡು ಫೇಸ್ ತಂತಿಗಳು ತಾಕಿದಾಗ ಅಲ್ಲೊಂದು ಪುಟ್ಟ ವೆಲ್ಡಿಂಗ್ ನಡೆಯುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ತಾಕಿದ ಜಾಗದಲ್ಲಿ ಏಳುವ ಆರ್ಕ್ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ. ಕರಗಿದ ಹನಿಗಳು ಉರಿಯುತ್ತಲೇ ಕೆಳಗೆ ಬೀಳುತ್ತವೆ. ಕೆಳಗೆ ಬಣವೆ ಇದ್ದರೆ ಬಣವೆ, ಕಬ್ಬಿದ್ದರೆ ಕಬ್ಬು. ಬಣವೆ ಸುಟ್ಟರೆ ರೈತನಿಗೆ ಹೋಗುವುದು ಮೇವು ಮಾತ್ರ ಅಲ್ಲ. ಮಳೆ ಬಂದು ಹಸಿಮೇವು ಸಿಗುವ ತನಕ ಎತ್ತು-ಎಮ್ಮೆ ಇಟ್ಟುಕೊಳ್ಳುವ ಶಕ್ತಿಯೂ ಹೋಗುತ್ತದೆ.

ಕಿಡಿ ಬಿದ್ದು ಆರಿದರೂ ಕತೆ ಮುಗಿಯುವುದಿಲ್ಲ. ಪ್ರತಿ ಬಡಿತಕ್ಕೂ ತಂತಿಯ ಎಳೆಗಳಲ್ಲಿ ಒಂದು ಗಾಯ ಉಳಿಯುತ್ತದೆ. ಅಲ್ಲಿ ಲೋಹ ಮೆತ್ತಗಾಗುತ್ತದೆ, ಸವೆಯುತ್ತದೆ, ಯಾವತ್ತೋ ಒಂದು ದಿನ ಹರಿದು ಬೀಳುತ್ತದೆ. ಬಿದ್ದ ಮೇಲಾದರೂ ಫ್ಯೂಸ್ ಹಾರಬೇಕಲ್ಲ? ಒಣಗಿದ ನೆಲದ ಮೇಲೆ ಬಿದ್ದ ತಂತಿಯಿಂದ ಭೂಮಿಗೆ ಇಳಿಯುವ ಕರೆಂಟ್ ಎಷ್ಟೋ ಸಲ ಫ್ಯೂಸ್ ಸುಡುವಷ್ಟು ಇರುವುದಿಲ್ಲ, ಮನುಷ್ಯನನ್ನು ಕೊಲ್ಲುವಷ್ಟು ಇರುತ್ತದೆ. ಟಿಸಿಯ ಪೆಟ್ಟಿಗೆಯಲ್ಲಿ ಫ್ಯೂಸ್ ತಂತಿ ಇರಬೇಕಾದ ಕಡೆ ಸಿಕ್ಕ ದಪ್ಪ ತಂತಿ ಸುತ್ತಿದ್ದರಂತೂ ಮುಗಿದೇ ಹೋಯಿತು.

2023ರ ನವೆಂಬರ್ 19ರ ನಸುಕಿನಲ್ಲಿ ಬೆಂಗಳೂರಿನ ಹೋಪ್ ಫಾರ್ಮ್ ಸರ್ಕಲ್ ಹತ್ತಿರ ಫುಟ್‌ಪಾತ್ ಮೇಲೆ ಹರಿದು ಬಿದ್ದ ತಂತಿ ತುಳಿದು ತಾಯಿ ಮತ್ತು ಒಂಬತ್ತು ತಿಂಗಳ ಮಗು ಸತ್ತಿದ್ದು ನಿಮಗೆ ನೆನಪಿರಬಹುದು. ಅಲ್ಲಿ ತಂತಿ ಹರಿದದ್ದಕ್ಕೆ ಗಾಳಿ ಕಾರಣ ಅಂತ ನಾನು ಹೇಳುತ್ತಿಲ್ಲ. ಬಿದ್ದ ತಂತಿ ಸಾಯದೆ ಜೀವಂತ ಉಳಿಯುತ್ತದೆ ಅನ್ನುವುದಕ್ಕೆ ಆ ಎರಡು ಜೀವಗಳು ಸಾಕ್ಷಿ. ರಾಜಧಾನಿಯಲ್ಲಿ ಆದದ್ದಕ್ಕೆ ದೇಶ ಮಾತಾಡಿತು. ಹೊಲದಲ್ಲಿ ಆದರೆ ಜಿಲ್ಲಾ ಪುಟದ ಒಂದು ಕಾಲಂ.

ಕಾನೂನು ಇಲ್ಲಿ ಗೊಂದಲವಿಲ್ಲದೆ ಮಾತಾಡಿದೆ. ಮಧ್ಯಪ್ರದೇಶ ವಿದ್ಯುತ್ ಮಂಡಳಿ ಮತ್ತು ಶೈಲ್ ಕುಮಾರಿ ಪ್ರಕರಣದಲ್ಲಿ 2002ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ರಾತ್ರಿ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದ ವ್ಯಕ್ತಿ ರಸ್ತೆಯಲ್ಲಿ ಬಿದ್ದಿದ್ದ ತಂತಿಗೆ ಸಿಕ್ಕಿ ಸತ್ತಿದ್ದ. ಬೇರೆ ಯಾರೋ ಕಳ್ಳತನದಿಂದ ತಂತಿ ಎಳೆದಿದ್ದರು ಎಂಬ ಮಂಡಳಿಯ ವಾದವನ್ನು ಕೋರ್ಟ್ ಒಪ್ಪಲಿಲ್ಲ. ಇಂಥ ಅಪಾಯಕಾರಿ ವಸ್ತುವನ್ನು ಪೂರೈಸುವವರ ಹೊಣೆ ಕಟ್ಟುನಿಟ್ಟಿನದ್ದು, ಹರಿದ ತಂತಿ ರಸ್ತೆಯಲ್ಲಿ ಜೀವಂತ ಇರದಂತೆ ನೋಡಿಕೊಳ್ಳುವುದೂ ಅವರ ಕರ್ತವ್ಯ ಎಂದಿತು. ನಿರ್ಲಕ್ಷ್ಯವನ್ನು ಸಾಬೀತು ಮಾಡುವ ಭಾರ ಸತ್ತವನ ಹೆಂಡತಿಯ ತಲೆ ಮೇಲಿಲ್ಲ. 'ಗಾಳಿ ಬಂದಿತ್ತು ಸಾರ್' ಎಂದು ಕೈತೊಳೆದುಕೊಳ್ಳುವ ಮೊದಲು ಈ ತೀರ್ಪು ಓದಬೇಕು.

ಪರಿಹಾರಕ್ಕೆ ರಾಕೆಟ್ ವಿಜ್ಞಾನ ಬೇಡ

ಮೊದಲ ಕೆಲಸಕ್ಕೆ ಹೊಸ ಸಾಮಾನೇ ಬೇಡ. ವಾಲಿದ ಕಂಬ ನೆಟ್ಟಗೆ ಮಾಡಿ, ಬುಡಕ್ಕೆ ಕಾಂಕ್ರೀಟ್ ಹಾಕಿ, ಸ್ಟೇ ಬಿಗಿದು, ಎಲ್ಲ ತಂತಿಗಳನ್ನೂ ಸಮಜೋಲಿಗೆ ಎಳೆದು ಕಟ್ಟುವುದು. ಇದು ಬೇಸಿಗೆಗೆ ಮುಂಚೆ ಆಗಬೇಕಾದ ಕೆಲಸ. ಹಾಗಂತ ಬೇಕಾಬಿಟ್ಟಿ ಬಿಗಿಯುವಂತಿಲ್ಲ; ಚಳಿಗೆ ತಂತಿ ಕುಗ್ಗಿದಾಗ ಅದೇ ಬಿಗಿತ ತಂತಿಯನ್ನೋ ಇನ್ಸುಲೇಟರನ್ನೋ ಮುರಿಯುತ್ತದೆ. ಯಾವ ಉಷ್ಣಾಂಶಕ್ಕೆ ಎಷ್ಟು ಜೋಲು ಅನ್ನುವ ಪಟ್ಟಿ ಎಂಜಿನಿಯರುಗಳ ಕೈಯಲ್ಲೇ ಇರುತ್ತದೆ.

ಎರಡನೆಯದು ನಡುಕಂಬ. ಅದೇ ಬಿಗಿತದಲ್ಲಿ ಕಂಬಗಳ ಅಂತರ ಎರಡರಷ್ಟಾದರೆ ಜೋಲು ನಾಲ್ಕರಷ್ಟಾಗುತ್ತದೆ. ತಿರುಗಿಸಿ ಹೇಳಿದರೆ, ಉದ್ದದ ಅಂತರದ ನಡುವೆ ಒಂದು ಕಂಬ ನೆಟ್ಟರೆ ಜೋಲು ಕಾಲುಭಾಗಕ್ಕೆ ಇಳಿಯುತ್ತದೆ. ಬೀದಿಯಲ್ಲಿ ಹಾಯುವ ಎಲ್‌ಟಿ ಲೈನಿನ ಕಂಬಗಳ ಅಂತರ ಇನ್‌ಸ್ಪೆಕ್ಟರರ ಲಿಖಿತ ಒಪ್ಪಿಗೆ ಇಲ್ಲದೆ 65 ಮೀಟರ್ ಮೀರಬಾರದು ಎಂದು 1956ರ ಭಾರತೀಯ ವಿದ್ಯುತ್ ನಿಯಮಗಳೇ ಹೇಳಿದ್ದವು. ಸಂದೇಹ ಇದ್ದರೆ ನಿಮ್ಮೂರಿನ ಬೀದಿಯಲ್ಲಿ ಹೆಜ್ಜೆ ಹಾಕಿ ಎಣಿಸಿ ನೋಡಿ.

ಮೂರನೆಯದು ಸ್ಪೇಸರ್: ತಂತಿಗಳ ನಡುವೆ ಕೂರಿಸುವ, ವಿದ್ಯುತ್ ಹರಿಯದ ಒಂದು ಪಟ್ಟಿ. ತೂಗಿದರೂ ಅಂತರ ಬಿಡದಂತೆ ಹಿಡಿದಿಡುತ್ತದೆ. ಕೆಲವು ಕಡೆ ಲೈನ್‌ಮನ್‌ಗಳೇ ಪಿವಿಸಿ ಪೈಪಿನ ತುಂಡು ಕಟ್ಟಿ ಇದನ್ನು ಮಾಡಿಕೊಂಡಿರುವುದು ಕಾಣುತ್ತದೆ. ಉಪಾಯ ಸರಿಯಾಗಿದೆ ಅನ್ನುವುದಕ್ಕೆ ಅದೇ ಪುರಾವೆ. ಬಿಸಿಲಿಗೆ ಬಿರುಕು ಬಿಡದ, ಪರೀಕ್ಷೆ ಮಾಡಿದ ಸಾಮಾನು ಕೊಡುವುದಷ್ಟೇ ಬಾಕಿ. ಎಚ್ಚರಿಕೆ: ಇದು ಲೈನ್ ಕ್ಲಿಯರ್ ತೆಗೆದುಕೊಂಡು ಇಲಾಖೆಯವರು ಮಾಡುವ ಕೆಲಸ. ಬಿದಿರಿನ ಗಳ ಹಿಡಿದು ತಂತಿ ಬಿಡಿಸಲು ಹೋಗುವ ಸಾಹಸ ಯಾರೂ ಮಾಡಬಾರದು.

ನಾಲ್ಕನೆಯದು, ಊರೊಳಗೆ ಮತ್ತು ಕಣದ ಹತ್ತಿರ ಬರಿತಂತಿ ತೆಗೆದು ಎಬಿ ಕೇಬಲ್ ಹಾಕುವುದು. ಕವಚ ಇರುವ ತಂತಿಗಳನ್ನು ಒಟ್ಟಿಗೇ ಹೆಣೆದ ಈ ಕೇಬಲ್ ತಾಕಿದರೂ ಕಿಡಿ ಹಾರುವುದಿಲ್ಲ. ಖರ್ಚು ಜಾಸ್ತಿ, ಎಲ್ಲ ಹೊಲಕ್ಕೂ ಆಗುವ ಮಾತಲ್ಲ. ಆದ್ದರಿಂದಲೇ ಎಲ್ಲಿ ಬೇಕು ಎಂದು ಆರಿಸಬೇಕು, ಆರಿಸಲು ಲೆಕ್ಕ ಬೇಕು.

ರೈತರ ಪಾಲಿನ ಮಾತನ್ನೂ ಹೇಳಬೇಕು. ಟ್ರ್ಯಾಕ್ಟರಿಗೆ ಅಡ್ಡ ಬರುತ್ತದೆಂದು ಸ್ಟೇ ಬಿಚ್ಚಿದರೆ, ಕಂಬದ ಬುಡದವರೆಗೂ ರಂಟೆ ಹೊಡೆದರೆ, ಲೈನಿನ ಕೆಳಗೇ ಬಣವೆ ಒಟ್ಟಿದರೆ ಅಪಾಯವನ್ನು ನಾವೇ ಕರೆದಂತೆ.

ಬೇರೆಯವರು ಕಲಿತ ಪಾಠ

ಇದು ಬಡ ಹಳ್ಳಿಗಳ ಕರ್ಮ ಅಂದುಕೊಳ್ಳಬೇಡಿ. 2017ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 2.8 ಲಕ್ಷ ಎಕರೆ ಸುಟ್ಟ ಥಾಮಸ್ ಕಾಳ್ಗಿಚ್ಚು ಶುರುವಾಗಿದ್ದು ಜೋರು ಗಾಳಿಗೆ ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್ ಕಂಪನಿಯ ತಂತಿಗಳು ಒಂದಕ್ಕೊಂದು ತಾಕಿದ್ದರಿಂದ ಎಂದು ವೆಂಚುರಾ ಕೌಂಟಿಯ ಅಗ್ನಿಶಾಮಕ ಇಲಾಖೆ 2019ರಲ್ಲಿ ತನಿಖೆ ಮುಗಿಸಿ ಹೇಳಿತು. ಆಸ್ಟ್ರೇಲಿಯಾದಲ್ಲಿ 75 ಜನರನ್ನು ಬಲಿ ತೆಗೆದುಕೊಂಡ 1983ರ ಫೆಬ್ರವರಿ 16ರ ಬೆಂಕಿಗಳಲ್ಲೂ ಕೆಲವಕ್ಕೆ ತಂತಿಗಳ ಬಡಿದಾಟವೇ ಮೂಲ. 2009ರಲ್ಲಿ ಅಲ್ಲಿನ ವಿಕ್ಟೋರಿಯಾದಲ್ಲಿ ಮತ್ತೆ 173 ಜನ ಸತ್ತಾಗ ರಾಯಲ್ ಕಮಿಷನ್ ನೇಮಕವಾಯಿತು. ಅದರ 67 ಶಿಫಾರಸುಗಳಲ್ಲಿ ಒಂದು: ಬಡಿದುಕೊಂಡ ಇತಿಹಾಸ ಇರುವ, ಅಥವಾ ಬಡಿದುಕೊಳ್ಳುವ ಸಾಧ್ಯತೆ ಇರುವ ಲೈನುಗಳಿಗೆಲ್ಲ ಸ್ಪೇಸರ್ ಹಾಕಬೇಕು.

ಆ ಶಿಫಾರಸಿನಲ್ಲಿ 'ಇತಿಹಾಸ' ಎಂಬ ಮಾತು ಗಮನಿಸಿ. ಯಾವ ಎರಡು ಕಂಬದ ನಡುವೆ ಹಿಂದೆ ತಂತಿ ತಾಕಿತ್ತು ಎಂದು ಬರೆದಿಟ್ಟಿದ್ದರೆ ಮಾತ್ರ ಅದು ಸಾಧ್ಯ. ಕ್ಯಾಲಿಫೋರ್ನಿಯಾದಲ್ಲೂ ಈಗ ಗಾಳಿ ಎದ್ದರೆ ಕರೆಂಟ್ ತೆಗೆಯುತ್ತಾರೆ, ನಮ್ಮ ಹಾಗೆಯೇ. ವ್ಯತ್ಯಾಸ ಇಷ್ಟೇ: ಅಲ್ಲಿ ಮುಂಚೆ ತಿಳಿಸಬೇಕು, ತೆಗೆದ ಮೇಲೆ ಪ್ರತಿ ಸಲ ನಿಯಂತ್ರಣ ಆಯೋಗಕ್ಕೆ ವರದಿ ಕೊಡಬೇಕು. ನಮ್ಮಲ್ಲಿ "ಗಾಳಿ ಬಿಟ್ಟೇತಿ" ಅನ್ನುವಲ್ಲಿಗೆ ವರದಿ ಮುಗಿಯುತ್ತದೆ.

ಯೂನಿಟ್ ರಾಜಕಾರಣ, ತಂತಿಗೆ ಅನಾಥಭಾವ

ಕರ್ನಾಟಕದಲ್ಲಿ ವಿದ್ಯುತ್ ರಾಜಕಾರಣಕ್ಕೆ ಬರವಿಲ್ಲ. ಗೃಹಜ್ಯೋತಿಯ 200 ಯೂನಿಟ್, 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್, ತ್ರೀಫೇಸ್ ಎಷ್ಟು ತಾಸು, ಸ್ಮಾರ್ಟ್ ಮೀಟರ್ ಬೇಕೋ ಬೇಡವೋ. ಇವೆಲ್ಲ ಬೇಕಾದ ಚರ್ಚೆಗಳೇ. ಆದರೆ ಎಲ್ಲವೂ ಯೂನಿಟ್ ಮತ್ತು ರೂಪಾಯಿಯ ಸುತ್ತಲೇ ಗಿರಕಿ ಹೊಡೆಯುತ್ತವೆ. ಆ ಯೂನಿಟ್ ಹೊತ್ತು ತರುವ ತಂತಿಯ ಬಗ್ಗೆ ಆಡಳಿತ ಪಕ್ಷವೂ ಮಾತಾಡುವುದಿಲ್ಲ, ವಿರೋಧ ಪಕ್ಷವೂ ಮಾತಾಡುವುದಿಲ್ಲ. ಉಚಿತ ಯೂನಿಟ್ ಬಿಲ್ಲಿನ ಮೇಲೆ ಅಚ್ಚಾಗುತ್ತದೆ. ಬಿಗಿದ ತಂತಿಗೆ ಫೋಟೋ ಹಾಕಲು ಜಾಗ ಇಲ್ಲ.

ಕುಂದಗೋಳವನ್ನೇ ನೋಡಿ. 2018ರ ಚುನಾವಣೆಯ ಗೆಲುವಿನ ಅಂತರ 634 ಮತ, 2019ರ ಉಪಚುನಾವಣೆಯಲ್ಲಿ 1,601. ಒಂದೊಂದು ಮತಕ್ಕೂ ಬೆಲೆ ಇರುವ ಕ್ಷೇತ್ರ. ಆ ಉಪಚುನಾವಣೆಯಲ್ಲಿ ಸಚಿವರ ದಂಡೇ ಇಲ್ಲಿ ಬೀಡುಬಿಟ್ಟಿತ್ತು, ಅದೂ ಮೇ ತಿಂಗಳಲ್ಲಿ, ಗಾಳಿ-ಮಳೆಯ ಹಂಗಾಮಿನಲ್ಲಿ. ಮತಗಟ್ಟೆವಾರು ಲೆಕ್ಕ ಇಟ್ಟುಕೊಳ್ಳುವ ಪಕ್ಷಗಳಿಗೆ ಕಂಬವಾರು ಲೆಕ್ಕ ಕೇಳುವುದು ಕಷ್ಟವೇ?

ಹೆಸ್ಕಾಂಗೂ ತನ್ನ ಕಷ್ಟ ಇದೆ. ಕರಾವಳಿಯ ಕಾರವಾರದಿಂದ ವಿಜಯಪುರದವರೆಗೆ ಏಳು ಜಿಲ್ಲೆ. ಪಂಪ್‌ಸೆಟ್ ಸಬ್ಸಿಡಿಗೆ ಸರ್ಕಾರದ ಕಡೆ ನೋಡಬೇಕು. ಇನ್ನು ಕಂಬ ಹತ್ತುವವರು: 2024ರಲ್ಲಿ ಕೆಪಿಟಿಸಿಎಲ್ ಕಿರಿಯ ಸ್ಟೇಷನ್ ಪರಿಚಾರಕ ಮತ್ತು ಕಿರಿಯ ಪವರ್‌ಮ್ಯಾನ್ ಸೇರಿ 2,975 ಹುದ್ದೆಗಳಿಗೆ ಅರ್ಜಿ ಕರೆದಾಗ ಊರೂರಿನ ಹುಡುಗರು 8 ಮೀಟರ್ ಕಂಬ ಹತ್ತುವ ಅಭ್ಯಾಸಕ್ಕೆ ಇಳಿದಿದ್ದನ್ನು ನೀವು ನೋಡಿರುತ್ತೀರಿ, ನಿಮ್ಮಲ್ಲೇ ಕೆಲವರು ಹತ್ತಿರಲೂಬಹುದು. ಆ ಹುಡುಗನ ಕೈಗೆ ಕೊನೆಗೆ ಸಿಗುವುದು ಎಷ್ಟೋ ಹಳ್ಳಿಗಳ ಲೈನು ಮತ್ತು ದಿನವಿಡೀ ಬಡಿದುಕೊಳ್ಳುವ ಫೋನು. ಹರಿದದ್ದನ್ನು ಜೋಡಿಸುವುದರಲ್ಲೇ ಹೊತ್ತು ಮುಳುಗಿದರೆ ಹರಿಯುವ ಮುಂಚೆ ನೋಡಲು ಅವನಿಗೆಲ್ಲಿ ಪುರುಸೊತ್ತು?

ನಮ್ಮ ಅಳತೆಗೋಲೂ ಅವನನ್ನು ಅದೇ ಕಡೆಗೆ ದೂಡುತ್ತದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಸೇವಾ ಮಾನದಂಡದಲ್ಲಿ ಸುಟ್ಟ ಟಿಸಿ ಬದಲಿಸಲು ಪಟ್ಟಣದಲ್ಲಿ 24 ತಾಸು, ಹಳ್ಳಿಯಲ್ಲಿ 72 ತಾಸಿನ ಗಡುವಿದೆ. ಕೆಟ್ಟ ಮೇಲೆ ಎಷ್ಟು ಬೇಗ ಸರಿಮಾಡಿದಿರಿ ಎಂಬ ಪ್ರಶ್ನೆಗೆ ಅಲ್ಲಿ ಗಡಿಯಾರ ಇದೆ. ಒಂದೇ ಜಾಗದಲ್ಲಿ ಎಷ್ಟನೇ ಸಲ ಕೆಟ್ಟಿತು ಎಂಬ ಪ್ರಶ್ನೆಗೂ ಅಷ್ಟೇ ತೂಕ ಬರಬೇಕು. ಅದು ಬರದ ಹೊರತು ಅವಸರದ ಗಂಟುಗಳೇ ಹೆಚ್ಚುತ್ತವೆ.

ಹಾಗಾದರೆ ಏನು ಕೇಳೋಣ?

ಮೂರು ಬೇಡಿಕೆ ಸಾಕು. ಒಂದು, ಪ್ರತಿ ಫೀಡರಿಗೂ ಕಂಬದಿಂದ ಕಂಬಕ್ಕೆ ಒಂದು ದಾಖಲೆ: ಅಂತರ ಎಷ್ಟು, ಜೋಲು ಎಷ್ಟು, ಗಂಟು ಎಷ್ಟು, ಹಿಂದೆ ಯಾವಾಗ ತಾಕಿತ್ತು. ಇದಕ್ಕೆ ದೊಡ್ಡ ಯೋಜನೆ ಬೇಡ, ಒಂದು ಮೊಬೈಲು, ಒಂದು ಅಳತೆ ಕೋಲು ಸಾಕು. ಎರಡು, ಮಾರ್ಚ್ ಮುಗಿಯುವ ಮೊದಲು ಗಸ್ತು ಮುಗಿಸಿ, ಸರಿಮಾಡಿದ ಮತ್ತು ಮಾಡಬೇಕಿರುವ ಜಾಗಗಳ ಪಟ್ಟಿಯನ್ನು ಗ್ರಾಮ ಪಂಚಾಯತಿ ಗೋಡೆಗೆ ಹಚ್ಚಬೇಕು. ಮೂರು, ತಾಕಿದ ಇತಿಹಾಸ ಇರುವಲ್ಲಿ ಮೊದಲು ಸ್ಪೇಸರ್ ಅಥವಾ ನಡುಕಂಬ, ಬಣವೆ-ಶಾಲೆ-ಬಸ್‌ಸ್ಟ್ಯಾಂಡ್ ಇರುವಲ್ಲಿ ಎಬಿ ಕೇಬಲ್.

ಕೇಳುವ ಜಾಗಗಳೂ ಇವೆ. 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಆ ಸಂಖ್ಯೆಯೇ ನಾಳೆ 'ಇತಿಹಾಸ' ಆಗುತ್ತದೆ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಬೆಂಕಿ ಅಥವಾ ಸಾವು ಆದರೆ ವಿದ್ಯುತ್ ಕಾಯ್ದೆಯ 161ನೇ ಸೆಕ್ಷನ್ ಅಡಿ ಅಪಘಾತದ ನೋಟಿಸ್ ಹೋಗಿದೆಯೇ, ವಿದ್ಯುತ್ ಪರಿವೀಕ್ಷಕರ ವರದಿಯಲ್ಲಿ ಕಾರಣ ಏನು ಬರೆದಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ದರ ಪರಿಷ್ಕರಣೆಗೆ ಆಯೋಗ ನಡೆಸುವ ಸಾರ್ವಜನಿಕ ವಿಚಾರಣೆಯಲ್ಲಿ ಪೈಸೆ ಏರಿಕೆ ವಿರೋಧಿಸುವುದರ ಜೊತೆಗೆ, ನಿರ್ವಹಣೆಗೆ ಕೊಟ್ಟ ಹಣದಲ್ಲಿ ಎಷ್ಟು ಕಂಬ ನೆಟ್ಟಗಾಯಿತು ಎಂದೂ ಕೇಳಿ.

ಗಾಳಿಯನ್ನು ಯಾವ ಸರ್ಕಾರವೂ ತಡೆಯಲಾರದು, ಎರೆಮಣ್ಣನ್ನು ಬದಲಿಸಲೂ ಆಗದು. ಐದು ಸೆಂಟಿಮೀಟರ್ ಅಳೆಯುವುದು, ಅಳೆದದ್ದನ್ನು ಬರೆದಿಡುವುದು, ಬರೆದದ್ದನ್ನು ಜನರಿಗೆ ತೋರಿಸುವುದು ಮಾತ್ರ ಆಗದ ಕೆಲಸವೇನಲ್ಲ. ಮುಂದಿನ ಸಲ "ಗಾಳಿ ಬಿಟ್ಟೇತಿ, ಕರೆಂಟ್ ತಗದಾರ" ಎಂದು ಯಾರಾದರೂ ಅಂದರೆ ಒಂದೇ ಮಾತು ಕೇಳಿ: ಯಾವ ಕಂಬದಿಂದ ಯಾವ ಕಂಬದ ನಡುವೆ?